ನಾಲ್ಕನೇ ಸ್ವರ

ಮನೆ, ಅಡುಗೆಕೋಣೆಯ ಮೇಜು
ಬುಧವಾರ, ಮಾರ್ಚ್ 11

ಪ್ರೀತಿಯ ಅಕ್ಕಾ,

ಮೊಣಕಾಲು ನೋವು ಹೇಗಿದೆ? ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದರೆ ನೀವು ಹತ್ತೇ ಹತ್ತುತ್ತೀರಿ, ನನಗೆ ಗೊತ್ತು. ಇಲ್ಲಿ ನನಗೆ ನಾಲ್ಕು ದಿನದಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ. ಫೋನ್ ಮಾಡುವುದು ಬಿಟ್ಟು ಇವಳೇಕೆ ಕಾಗದ ಬರೆದಳು ಎಂದುಕೊಳ್ಳಬೇಡಿ. ಮನೆ ತುಂಬ ಮೈಕುಗಳು ಅಕ್ಕಾ, ಉಸಿರು ಬಿಟ್ಟರೂ ಯಾರದೋ ಕಿವಿಗೆ ಬೀಳುತ್ತದೆ. ಕೊರಿಯರ್‌ನವರು ನಾಳೆಯೇ ತಲುಪಿಸುತ್ತೇವೆ ಎಂದಿದ್ದಾರೆ.

ನಿಮ್ಮ ತಮ್ಮನ ಮೇಲೆ ಸಾಕ್ಷ್ಯಚಿತ್ರ ತೆಗೆಯುತ್ತಿದ್ದಾರೆ ಎಂದು ಹೇಳಿದ್ದೆನಲ್ಲ. ಶುರುವಾಗಿ ಮೂರು ವಾರವಾಯಿತು. ನಡುಮನೆಯ ಸೋಫಾ ಬಾಲ್ಕನಿ ಸೇರಿದೆ. ಫ್ರಿಜ್ ಗುಂಯ್‌ಗುಡುತ್ತದೆಂದು ಶೂಟಿಂಗ್ ಮುಗಿಯುವವರೆಗೆ ಆರಿಸಿಡುತ್ತಾರೆ, ಎರಡು ಸಲ ಹಾಲು ಒಡೆಯಿತು. ಆದರೂ ಇವರ ಖುಷಿ ನೋಡಿ ಸುಮ್ಮನಿದ್ದೆ. ಐದು ಜನ ಗ್ಯಾರೇಜಿನಲ್ಲಿ ರಾಕ್ ಬ್ಯಾಂಡ್ ಕಟ್ಟಿದ್ದು, ಏಳು ಎಣಿಕೆಯ ತಾಳಕ್ಕೆ ಹೇಗೆ ಕುಣಿಯುವುದೆಂದು ತಿಳಿಯದೆ ಜನ ಕಕ್ಕಾಬಿಕ್ಕಿಯಾಗಿ ನಿಂತಿದ್ದು, ಎಲ್ಲವನ್ನೂ ಹೇಳಿದರು. ಅವರಿಗೆ ಹೆಸರು ತಂದ ಆ ಇಪ್ಪತ್ತೆರಡು ನಿಮಿಷದ ಹಾಡು ಕೇಳಿ ನೀವು "ಇದು ಹಾಡೋ, ರೈಲು ಪ್ರಯಾಣವೋ? ಮಧ್ಯೆ ಊಟಕ್ಕೆ ಇಳೀಬಹುದಾ?" ಅಂದಿದ್ದನ್ನೂ ಬಿಡಲಿಲ್ಲ. ನೀವೂ ಸಿನಿಮಾದಲ್ಲಿ ಇದ್ದೀರಿ ಎಂದುಕೊಳ್ಳಿ.

ಒಂದು ಮಾತ್ರ ನನಗೆ ವಿಚಿತ್ರ ಅನಿಸುತ್ತಿತ್ತು. ನಿರ್ದೇಶಕಿ ಗಿಟಾರ್ ಕೈಗೆ ಕೊಟ್ಟು ಆ ಹಾಡಿನ ಶುರುವಿನ ಭಾಗ ನುಡಿಸಿ ಎಂದಾಗಲೆಲ್ಲ ಇವರದೊಂದು ನೆಪ. ತಂತಿ ಹಳೆಯದು, ಭುಜ ಹಿಡಿದಿದೆ, ಮೂಡಿಲ್ಲ. ವಯಸ್ಸಾದ ಮೇಲೆ ಬಿಂಕ ಜಾಸ್ತಿಯಾಯಿತು ಎಂದು ನಾನು ಒಳಗೊಳಗೇ ನಕ್ಕಿದ್ದೆ. ನನ್ನ ಬಾಯಿಗೆ ಬೆಂಕಿ ಹಾಕಬೇಕು.

ಶನಿವಾರ ಮಧ್ಯಾಹ್ನ ಶೂಟಿಂಗಿಗೆ ಬಿಡುವು ಕೊಟ್ಟಿದ್ದರು. ಧ್ವನಿ ಮುದ್ರಿಸುವವರು, "ಸರ್ ದನಿ ಎಷ್ಟು ಚೆನ್ನಾಗಿ ಬಂದಿದೆ, ಕೇಳಿ" ಅಂತ ತಮ್ಮ ಹೆಡ್‌ಫೋನ್ ನನ್ನ ಕಿವಿಗಿಟ್ಟು, ವ್ಯಾನಿನಿಂದ ಏನೋ ತರಲು ಹೋದರು. ಕೇಳುತ್ತಿರುವಾಗಲೇ ಮುದ್ರಿಸಿದ್ದು ಮುಗಿದು, ಆ ಕ್ಷಣ ಮೈಕಿಗೆ ಬೀಳುತ್ತಿದ್ದುದೇ ಕೇಳತೊಡಗಿತು. ನಿಮ್ಮ ತಮ್ಮ ಎದೆಗೆ ಸಿಕ್ಕಿಸಿದ ಮೈಕು ಬಿಚ್ಚುವುದನ್ನು ಮರೆತು ಗಿಟಾರ್‌ಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು.

ಅದೇ ಹಾಡಿನ ಮೊದಲ ನಾಲ್ಕು ಸ್ವರ. ಮೂರು ಸರಿಯಾಗಿ ಬರುತ್ತಿದ್ದವು. ಎಡಗೈ ಕಿರುಬೆರಳು ಒತ್ತಬೇಕಾದ ನಾಲ್ಕನೆಯದು ಬರೀ ಗೊರಗೊರ. ಮತ್ತೆ ಶುರು, ಮತ್ತೆ ಗೊರಗೊರ. ಹನ್ನೊಂದು ಸಲ ಅಕ್ಕಾ. ಆಮೇಲೆ ಮಗುವನ್ನು ರಮಿಸುವಂತೆ ಆ ಬೆರಳಿಗೆ ಹೇಳಿದರು: "ಬಾರೋ, ಒಂದೇ ಒಂದ್ ಸಲ. ಯಾರೂ ನೋಡ್ತಿಲ್ಲ." ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ಏನೂ ಆಗದವರ ಹಾಗೆ "ಟೀ ಆಯ್ತೇನೇ?" ಎಂದು ಕೇಳಿದರು. ನಾನು ಟೀ ಮಾಡಲು ಎದ್ದೆ. ಅದೆಲ್ಲ ಮುದ್ರಣವಾಗಿದೆಯೋ ಇಲ್ಲವೋ ಎಂದು ಕೇಳಲು ಇವತ್ತಿಗೂ ಧೈರ್ಯವಾಗಿಲ್ಲ.

ಅಂದಿನಿಂದ ಕದ್ದು ಕದ್ದು ನೋಡುತ್ತಿದ್ದೇನೆ. ಸಿನಿಮಾದ ಮಾತು ಬಂದಾಗಿನಿಂದ, ಅಂದರೆ ಮೂರು ತಿಂಗಳಿಂದ, ಗುಂಡಿಯ ಅಂಗಿ ಹಾಕಿಲ್ಲ. ಕ್ಯಾಮೆರಾ ಮುಂದೆ ಹುಡುಗನ ಹಾಗೆ ಕಾಣಲು ಟೀ ಶರ್ಟ್ ಹಾಕುತ್ತಾರೆ ಎಂದುಕೊಂಡಿದ್ದೆ. ಊಟಕ್ಕೆ ಕುಳಿತರೆ ಎಡಗೈ ಮೇಜಿನ ಕೆಳಗೇ ಇರುತ್ತದೆ. ಬರುವ ಭಾನುವಾರ ಸಿನಿಮಾಕ್ಕಾಗಿ ಬ್ಯಾಂಡಿನ ಹಳೆಯ ಐದೂ ಜನ ಸೇರಿ, ಇನ್ನೂರು ಜನರೆದುರು, ಆ ಹಾಡನ್ನು ಪೂರ್ತಿ ನುಡಿಸಬೇಕಂತೆ. ಇವರು "ಅದಕ್ಕೇನು, ಆಗಲಿ" ಅಂದುಬಿಟ್ಟಿದ್ದಾರೆ. ಮೊದಲ ನಾಲ್ಕು ಸ್ವರ ಇವರೊಬ್ಬರದೇ, ಮರೆಮಾಡಲು ಡ್ರಮ್ಮೂ ಇರುವುದಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎನ್ನಲು ಹೋದರೆ ನಾಲಿಗೆ ಏಳುವುದಿಲ್ಲ, ನನಗೆ ಗೊತ್ತಾಗಿದೆ ಎಂದು ತಿಳಿದರೆ ಕುಸಿದುಬಿಡುತ್ತಾರೆ. ನನಗೆ ತುಂಬ ಭಯವಾಗುತ್ತಿದೆ. ನೀವು ಗದರಿದರೆ ಮಾತ್ರ ಕೇಳುವ ಮನುಷ್ಯ. ನೋವಿದ್ದರೂ ಭಾನುವಾರದೊಳಗೆ ಬನ್ನಿ, ನಿಲ್ದಾಣಕ್ಕೆ ನಾನೇ ಬರುತ್ತೇನೆ.

ಭಾವನವರಿಗೆ ನಮಸ್ಕಾರ. ಅತ್ತೆ ಬಂದರೆ ಹಾಸಿಗೆ ಬಿಟ್ಟುಕೊಡುತ್ತೇನೆ ಎಂದು ನಮ್ಮ ಮಗಳು ಹೇಳುತ್ತಿರುತ್ತಾಳೆ.

ನಿಮ್ಮ ತಮ್ಮನ ಹೆಂಡತಿ,
ನೀವು ಕರೆಯುವ ಗಡಿಬಿಡಿ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಬೆರಳನ್ನು ರಮಿಸಿದ ಮೇಲೆ ಇವರು ಇನ್ನೊಂದು ಮಾತು ಹೇಳಿದರು: "ಅಪ್ಪಂಗೂ ಮೊದಲು ಹೋಗಿದ್ದು ಇದೇ ಬೆರಳು." ಮಾವ ಗಡಿಯಾರ ರಿಪೇರಿ ಅಂಗಡಿ ಮುಚ್ಚಿದ್ದು ಕಣ್ಣು ಮಂಜಾಗಿ ಎಂದು ನೀವಿಬ್ಬರೂ ನನಗೆ ಹೇಳಿದ್ದಿರಿ. ನಿಜ ಹೇಳಿ ಅಕ್ಕಾ, ಅವರಿಗೆ ಏನಾಗಿತ್ತು? ಉತ್ತರ ಬರೆಯಬೇಡಿ, ಇಲ್ಲಿ ಬರುವ ಕಾಗದಗಳನ್ನು ಒಡೆಯುವವಳು ಮಗಳು. ಬಂದು ನನ್ನ ಕಿವಿಯಲ್ಲಿ ಹೇಳಿ. ಈ ವಾರ ಎರಡು ಸಲ ಅವಳ ಎಡಗೈಯಿಂದ ಲೋಟ ಜಾರಿತು. ಎರಡು ಸಲವೂ ನಾನು ಬೈದೆ.