ಸಕುಟುಂಬ, ಸಪರಿವಾರ

ಹಾರಂಗಿ
೨೦ ಏಪ್ರಿಲ್ ೨೦೨೫

ಪ್ರೀತಿಯ ಪದ್ಮಾಕ್ಷಿ,

ಕರಿಕೆಯ ಮಹಾರಾಣಿಯವರ ಸನ್ನಿಧಾನಕ್ಕೆ ಹಾರಂಗಿಯ ವೀಣಾಳ ನಮಸ್ಕಾರ. ನಿನ್ನ ಕಾಗದಕ್ಕೆ ಉತ್ತರ ಬರೆಯದೆ ಯುಗಾದಿ ದಾಟಿಸಿಬಿಟ್ಟೆ, ಬೈಯಬೇಡ. ಕಾವ್ಯಶ್ರೀಗೆ ಮದುವೆ ಗೊತ್ತಾಗಿದೆ! ಮಗಳ ಮದುವೆಗೆ ನಿನ್ನನ್ನು ಮನೆಗೇ ಬಂದು ಕರೆಯಬೇಕಿತ್ತು. ಆಗಲಿಲ್ಲ. ಮಂಡಿನೋವು, ಭಾಗಮಂಡಲದಾಚೆಯ ತಿರುವುಗಳು, ಬಸ್ಸಿನಲ್ಲಿ ವಾಂತಿ. ಇವುಗಳಲ್ಲಿ ಯಾವುದು ನಂಬುವಂತಿದೆಯೋ ಅದನ್ನು ಆರಿಸಿಕೋ.

ನಮ್ಮ ಮನೆ ಈಗ ಪೋಸ್ಟಾಫೀಸು. ನಾನು ಕವರಿನ ಮೇಲೆ ಹೆಸರು ಬರೆಯುವ ಗುಮಾಸ್ತೆ, ಸಣ್ಣಸ್ವಾಮಿ ಭಾವ ಪೋಸ್ಟ್‌ಮಾಸ್ಟರು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಶುಭಕಾರ್ಯದ ಕಾನೂನೆಲ್ಲ ಅವರ ಅಣ್ಣನ ಕೈಯಲ್ಲೇ ಅಲ್ಲವೇ? ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ತಾಗಬೇಕು. ಬೀಗರ ಕಡೆಯವರಿಗೆ ಒಂದು 'ಶ್ರೀ' ಸಾಲದು. ಹಿರಿಯರಿಗೆ ಕುಂಕುಮ ಹಿಡಿದು ಹೋಗಿ ಹೇಳಬೇಕು. ವಾಟ್ಸ್‌ಆಪ್ ಏನಿದ್ದರೂ, ಬಾರದಿದ್ದರೂ ನಮಗೆ ಬೇಸರವಾಗದವರಿಗೆ!

ಪಕ್ಕದ ತೋಟದ ತಂಗಮ್ಮಕ್ಕನ ಕವರಿನಲ್ಲಿ ನಾನು ಅವರ ಮನೆತನದ ಹೆಸರು ಬಿಟ್ಟಿದ್ದೆ. ಭಾವ ಕೊಟ್ಟು ಬಂದ ಕವರನ್ನು ಹಿಡಿದುಕೊಂಡು ಅಕ್ಕ ನಮ್ಮ ಅಂಗಳಕ್ಕೇ ಬಂದರು. "ಇದು ಯಾವ ತಂಗಮ್ಮಂಗೆ ವೀಣಾ? ಈ ರೋಡಲ್ಲಿ ನಿಂತು ಕೂಗಿದ್ರೆ ನಾಕು ತಂಗಮ್ಮ ಓ ಅಂತಾರೆ. ಮನೆ ಹೆಸರು ಹಾಕು, ಆಮೇಲೆ ಕಾಫಿ ಕೊಡು." ಎರಡನ್ನೂ ಮಾಡಿದೆ. ಎರಡು ಲೋಟ ಕುಡಿದು, ಕ್ಷಮಿಸಿ ಹೋದರು.

ನನ್ನ ಮದುವೆಯ ಕವರುಗಳನ್ನೆಲ್ಲ ಮಡಿಕೇರಿಯ ಹಾಸ್ಟೆಲಿನಲ್ಲಿ ಕೂತು ನೀನೇ ಬರೆದೆಯಲ್ಲ, ಆ ದುಂಡು ಅಕ್ಷರದಲ್ಲಿ! ಬ್ರಹ್ಮಚಾರಿ ಗಣಿತದ ಮೇಷ್ಟರಿಗೂ 'ಸಕುಟುಂಬ ಸಪರಿವಾರ' ಎಂದು ಬರೆದುಬಿಟ್ಟೆ ನೀನು. ಪಾಪ, ಕರೆದ ಮಾತು ಮೀರಬಾರದೆಂದು ಅವರು ಹಾಸ್ಟೆಲಿನ ಅಡುಗೆಭಟ್ಟರು, ವಾಚ್‌ಮನ್, ಅವರಿಬ್ಬರ ಹೆಂಡತಿ ಮಕ್ಕಳನ್ನೆಲ್ಲ ಜೀಪಿಗೆ ತುಂಬಿಕೊಂಡು ಬಂದರು. ಹೋಳಿಗೆ ಮುಗಿಯಿತು. ಅಪ್ಪ ಹಲ್ಲು ಕಡಿದರು. ಮದುಮಗ ಮಾತ್ರ ತನ್ನ ಎಲೆಯ ಹೋಳಿಗೆಯನ್ನು ವಾಚ್‌ಮನ್ನನ ಮಗಳಿಗೆ ಕೊಟ್ಟು, "ಪದ್ಮಾಕ್ಷಿಯವ್ರೇ, ನಮ್ಮ ಮಕ್ಕಳ ಮದುವೆಗೂ ನೀವೇ ಬರೀಬೇಕು. ಮನೆ ತುಂಬುತ್ತೆ" ಎಂದಿದ್ದರು. ನೆನಪಿದೆಯೇ? ನನ್ನ ಅಕ್ಷರವೋ, ಕಣದಲ್ಲಿ ಕೋಳಿ ಕೆದರಿದ ಕಾಫಿಬೀಜ.

ನಿನ್ನ ಕವರಿಗೆ 'ಶ್ರೀ ಗೋಪಿನಾಥ ದಂಪತಿಗಳು' ಎಂದು ಬರೆಯಲು ಆಜ್ಞೆಯಾಗಿತ್ತು. ನಾನು ನಿನ್ನ ಹೆಸರು ಮುಂದಿಟ್ಟು, ಗೋಪಿನಾಥರನ್ನು ಪರಿವಾರಕ್ಕೆ ಸೇರಿಸಿದ್ದೇನೆ. ಅವರು ಮುನಿಸಿಕೊಂಡರೆ ಹೋಳಿಗೆ ತೋರಿಸಿ ಕರೆದುಕೊಂಡು ಬಾ.

ಮುಹೂರ್ತ ಮೇ ಹನ್ನೊಂದು, ಭಾನುವಾರ, ಕುಶಾಲನಗರದಲ್ಲಿ. ನಿನ್ನ ಮಗ ಚಿನ್ಮಯನಿಗೆ ನನ್ನ ಆಶೀರ್ವಾದ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ
ವೀಣಾ

ವಿ.ಸೂ.: ಪತ್ರಿಕೆಯ ಕೆಳಗೆ 'ಸುಖಾಗಮನ ಬಯಸುವವರು' ಎಂಬಲ್ಲಿ ನನ್ನ ಹೆಸರು ಹುಡುಕಬೇಡ. ಭಾವನವರದೂ ಅವರ ಹೆಂಡತಿಯದೂ ಇದೆ. ಧಾರೆ ಎರೆಯುವವರೂ ಅವರೇ. "ಜೋಡಿ ಇರ್ಬೇಕು ಕಣಮ್ಮ" ಎಂದರು, ತಲೆ ತಗ್ಗಿಸಿಕೊಂಡೇ. ಕಾವ್ಯ ಜಗಳಕ್ಕೆ ನಿಂತಳು, ನಾನೇ ಸುಮ್ಮನಿರಿಸಿದೆ. ಕುಂಕುಮ ಹಿಡಿದು ಕರೆಯಲು ಹೋಗುವವರಲ್ಲೂ ನಾನಿಲ್ಲ. ನನ್ನ ಮಂಡಿ ಚೆನ್ನಾಗಿಯೇ ಇದೆ, ಪದ್ಮಾ. ಒಳಗಿರುವ ಪತ್ರಿಕೆ ಭಾವನವರ ಕರೆ. ನನ್ನ ಕರೆ ಈ ಕಾಗದ. ಇದರ ನಾಲ್ಕು ಮೂಲೆಗೂ ಅರಿಶಿನ ನಾನೇ ಹಚ್ಚಿದ್ದೇನೆ. ನನ್ನ ಮಗಳ ಮದುವೆಗೆ ನಾನು ಕರೆದಿರುವುದು ನಿನ್ನೊಬ್ಬಳನ್ನೇ. ಬಾ.