ನನ್ನ ಮಡಿಲು ದಾಟಿಹೋದ ಪುಸ್ತಕ

ಮಾರ್ಚ್ ೧೪, ಶನಿವಾರ

ಪುಸ್ತಕ ನನ್ನ ಕೈಗೆ ಬರಲೇ ಇಲ್ಲ. ಇಷ್ಟಕ್ಕೇ ಯಾರಾದರೂ ನಿದ್ದೆಗೆಡುತ್ತಾರೆಯೇ?

ನಮ್ಮ ಓದುಗರ ಕೂಟದಲ್ಲಿ ಪುಸ್ತಕ ಯಾರ ಕೈಯಲ್ಲಿದೆಯೋ ಅವರದೇ ಮಾತು. ಈ ಸಲದ್ದು ಹಳೇ ಕಾಲದ ಸೂಲಗಿತ್ತಿಯೊಬ್ಬಳ ಕಾದಂಬರಿ. ಕಾದಂಬರಿಯ ಮಾತು ಎಲ್ಲಿ ಬಂತು, ಎಲ್ಲರೂ ತಮ್ಮ ತಮ್ಮ ಹೆರಿಗೆಯ ಕಥೆಯನ್ನೇ ಹೇಳಿಕೊಂಡರು. ಟೈಲರ್ ಅಕ್ಕ, "ನೋವು ತಡೀಲಾರದೆ ಗಂಡನ್ನ ಬಾಯಿಗೆ ಬಂದ ಹಾಗೆ ಬೈದಿದ್ದೆ ಕಣ್ರೀ, ನರ್ಸೇ ಹೆದರಿಬಿಟ್ಲು" ಅಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಆಮೇಲೆ ಅವಳು ಪುಸ್ತಕವನ್ನು ನನ್ನ ಮಡಿಲ ಮೇಲಿಂದ ದಾಟಿಸಿ ಆಚೆ ಕೂತಿದ್ದ ಬ್ಯಾಂಕಿನ ಮೇಡಂಗೆ ಕೊಟ್ಟಳು. ಮಕ್ಕಳಿಲ್ಲದವಳನ್ನು ಯಾಕೆ ನೋಯಿಸುವುದು ಎಂಬ ಕರುಣೆ, ಗೊತ್ತು. ನಾನೂ ಹಿಂದಕ್ಕೊರಗಿ ದಾರಿ ಬಿಟ್ಟೆನಲ್ಲ, ಆ ಸಿಟ್ಟು ಬೇರೆ.

ನನಗೆ ಒಂದೇ ಒಂದು ಪುಟದ ಬಗ್ಗೆ ಹೇಳುವುದಿತ್ತು. ಮುದುಕಿಯಾದ ಸೂಲಗಿತ್ತಿ ಸಂತೆಯಲ್ಲಿ ಒಬ್ಬ ಗಡ್ಡದವನನ್ನು ತಡೆದು ನಿಲ್ಲಿಸುತ್ತಾಳೆ. "ಹುಟ್ಟಿದಾಗ ನೀನು ಅಳೋಕೇ ಒಪ್ಪಲಿಲ್ಲ ಕಣೋ, ಬೆನ್ನು ತಟ್ಟಿ ಅಳಿಸಿದ್ದು ನಾನು" ಅನ್ನುತ್ತಾಳೆ. ಆ ಪುಟ ಓದಿ ನಾನು ಅತ್ತಿದ್ದೆ.

ನಾನು ಹೆರಲಿಲ್ಲ, ಸರಿ. ಹುಟ್ಟಿದ್ದಂತೂ ನಿಜ ತಾನೇ? ಅದನ್ನಾದರೂ ಹೇಳಬಹುದಿತ್ತು. ಹೇಳುವುದಾದರೂ ಏನನ್ನು? ಹಗಲು ಹುಟ್ಟಿದೆನೋ ರಾತ್ರಿಯೋ, ಕೂಡಲೇ ಅತ್ತೆನೋ ಇಲ್ಲವೋ, ಅಮ್ಮನನ್ನು ಕೇಳಬೇಕೆಂದು ಯಾವತ್ತೂ ಹೊಳೆಯಲಿಲ್ಲ. ಅಮ್ಮ ಹೋದಳು, ಹೆರಿಗೆಯಲ್ಲಿ ಜೊತೆಗಿದ್ದ ದೊಡ್ಡಮ್ಮನೂ ಹೋದಳು. ಆವತ್ತು ಆ ಕೋಣೆಯಲ್ಲಿದ್ದವರ ಪೈಕಿ ಈಗ ಉಳಿದಿರುವವಳು ನಾನೊಬ್ಬಳೇ.

ನನಗೋ, ಏನೂ ನೆನಪಿಲ್ಲ.