ನಾಲ್ವರು ಸೊಸೆಯರ ರಂಗೋಲಿ

ಬಾಗೂರು
೧೪ ಆಗಸ್ಟ್ ೨೦೨೫

ಪ್ರೀತಿಯ ತಮ್ಮ ಸಿದ್ದೇಶ್ವರನಿಗೆ,

ಹೇಗಿದ್ದೀಯಪ್ಪ? ಸ್ಕೂಟರಿನಿಂದ ಬಿದ್ದು ಪೆಟ್ಟಾದ ಮಂಡಿ ಈಗ ಮಡಚಲು ಬರುತ್ತದೆಯೇ? ಭಾನುವಾರ ಹಾಸನದಲ್ಲಿ ವೇದಿಕೆ ಇಳಿಯುವಾಗ ನೀನು ಕಂಬ ಹಿಡಿದುಕೊಂಡದ್ದನ್ನು ನೋಡಿದೆ. ಬೇವಿನೆಣ್ಣೆ ಬೆಚ್ಚಗೆ ಮಾಡಿ ತಿಕ್ಕಲು ಸೌಜನ್ಯಳಿಗೆ ಹೇಳು. ಅವಳಿಗೆ ಸಂಕಟ, ವಾಂತಿ ಕಡಿಮೆಯಾಯಿತೇ? ಐದನೇ ತಿಂಗಳಿಗೆ ಸರಿಹೋಗುತ್ತದೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಭಾವನ ಕೆಮ್ಮು ಬಿಟ್ಟಿದೆ, ಬೀಡಿ ಬಿಟ್ಟಿಲ್ಲ. ಕೈಯಲ್ಲಿ ಫೋನಿಟ್ಟುಕೊಂಡು ಅಕ್ಕ ಕಾಗದ ಯಾಕೆ ಬರೆದಳು ಅಂತ ನಿನಗೆ ಅನಿಸಬಹುದು. ನಮ್ಮ ಸಾಫ್ಟ್‌ವೇರ್ ಬಳಗದ ಪುಟದಲ್ಲಿ ಬರೆದರೆ ಜಿಲ್ಲೆಯವರೆಲ್ಲ ಓದುತ್ತಾರೆ. ಫೋನಿನಲ್ಲಾದರೆ ನನಗೆ ಅಳು ಬರುತ್ತದೆ, ನೀನು ಸಮಾಧಾನ ಮಾಡುತ್ತೀಯ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ.

ಮೊದಲು ನಿನ್ನ ಉಪಕಾರವನ್ನೇ ನೆನೆಯುತ್ತೇನೆ. ನಮ್ಮ ತೆಂಗು ಬೆಳೆಗಾರರ ಸಂಘದಲ್ಲಿ ಬಾಗೂರು, ಹಿರೀಸಾವೆ, ಹಳ್ಳಿಮೈಸೂರು, ಅರಕಲಗೂಡು ನಾಲ್ಕೂ ಕಡೆಯವರು ಒಂದೇ ಲೆಕ್ಕವನ್ನು ನಾಲ್ಕು ಥರ ಇಟ್ಟುಕೊಂಡು ಜಗಳವಾಡುತ್ತಿದ್ದ ಕಾಲಕ್ಕೆ ಈ ಹೊಸ ಸಾಫ್ಟ್‌ವೇರ್ ಬಂತು. ಕಡತ ಒಂದೇ ಸರ್ವರ್‌ನಲ್ಲಿರುತ್ತದೆ, ಎಲ್ಲರೂ ಅದರಲ್ಲೇ ಬರೆಯಬೇಕು ಅಂದಾಗ ಬಾಗೂರಿನ ಲೆಕ್ಕ ಬರೆಯುವ ನಾನು, ಈ ಕೆಲಸವೇ ಬೇಡ ಅಂದಿದ್ದೆ. ನೀನು ಶನಿವಾರ ಶನಿವಾರ ಬಂದು, ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ಕಲಿಸಿದೆ. "ಎದುರ್ಕೋಬ್ಯಾಡ ಕಣಕ್ಕ, ಒತ್ತು. ಒತ್ತಿದ್ರೆ ಅದೇನ್ ಕಚ್ಚಲ್ಲ" ಅಂದೆ. ಇದನ್ನು ನೋಡಿಕೊಳ್ಳುವವರದೇ ಒಂದು ಬಳಗವಿದೆ, ಪರೀಕ್ಷೆ ಪಾಸು ಮಾಡಿದರೆ ಸದಸ್ಯರಾಗಬಹುದು, ಒಳ್ಳೆಯ ಪಾಠ ಕಟ್ಟಿದವರನ್ನು ಮಾರ್ಗದರ್ಶಿ ಮಾಡಿ ತಾಲ್ಲೂಕು ತಾಲ್ಲೂಕಿಗೆ ಕಳಿಸುತ್ತಾರೆ ಅಂತ ಹೇಳಿದವನೂ ನೀನೇ. ನಾವಿಬ್ಬರೂ ಒಂದೇ ದಿನ ಪರೀಕ್ಷೆ ಬರೆದೆವು. ಪಾಸಾದ ದಿನ ನನಗೆ ಆಸೆ ಹುಟ್ಟಿತು. ಈ ವಯಸ್ಸಿನಲ್ಲಿ ಅರಕಲಗೂಡಿಗೋ ಹೊಳೆನರಸೀಪುರಕ್ಕೋ ಹೋಗಿ ನಾಲ್ಕು ಜನಕ್ಕೆ ಪಾಠ ಹೇಳುವ ಆಸೆ. ಅದನ್ನು ನಿನಗೆ ಬಿಟ್ಟು ಇನ್ಯಾರಿಗೂ ಹೇಳಿರಲಿಲ್ಲ, ನಿಮ್ಮ ಭಾವನಿಗೂ.

ಪಾಠ ಅಂದರೆ ನನಗೆ ಗೊತ್ತಿರುವುದು ಕಥೆಯೊಂದೇ. ಹಿರೀಸಾವೆಯ ಲೆಕ್ಕ ಬರೆಯುವ ಬಿಂದುಶ್ರೀಗೆ ಒಬ್ಬರು ಬರೆಯುವಾಗ ಇನ್ನೊಬ್ಬರು ಅದೇ ಹಾಳೆಯಲ್ಲಿ ಹೇಗೆ ಬರೆಯುತ್ತಾರೆ ಎಂಬುದು ತಲೆಗೆ ಹತ್ತದೆ ಇದ್ದಾಗ, ನಾಲ್ವರು ಸೊಸೆಯರ ಕಥೆ ಕಟ್ಟಿದೆ. ಒಂದು ಮನೆ, ನಾಲ್ವರು ಸೊಸೆಯರು, ಒಬ್ಬೊಬ್ಬಳದೂ ಅಂಗಳದ ಒಂದೊಂದು ಮೂಲೆಯಲ್ಲಿ ಒಂದೊಂದು ರಂಗೋಲಿ. ಬಂದ ನೆಂಟರು, ಈ ಮನೆಯ ರಂಗೋಲಿ ಯಾವುದವ್ವ ಅಂತ ಕೇಳಿ ನಗುತ್ತಿದ್ದರು. ಅತ್ತೆ ನಂಜಮ್ಮ ಅಂಗಳದ ನಡುವೆ ಚುಕ್ಕಿ ಇಟ್ಟು, ಒಬ್ಬೊಬ್ಬಳಿಗೆ ಒಂದೊಂದು ಬಣ್ಣದ ಪುಡಿ ಕೊಟ್ಟಳು. ಯಾರ ಕೈ ಎಲ್ಲಿ ಓಡಾಡುತ್ತಿದೆ ಅಂತ ಬಣ್ಣ ನೋಡಿದರೆ ತಿಳಿಯುತ್ತದೆ. ಸರ್ವರ್‌ನ ಹಾಳೆಯಲ್ಲೂ ಹಾಗೆಯೇ ಅಲ್ಲವೇ. ಒಂದು ದಿನ ಕರು ಹಗ್ಗ ಬಿಚ್ಚಿಕೊಂಡು ಬಂದು ಅದರ ಮೇಲೆಲ್ಲ ಕುಣಿಯಿತು. ಸೊಸೆಯರು ಅತ್ತರು. ಅತ್ತೆ ಮಾತ್ರ, ಕರು ಬರುವ ಮುಂಚೆ ಎಳೆ ಎಳೆ ಹೇಗಿತ್ತೆಂದು ಹೇಳಿ ಹಾಗೇ ತಿರುಗಿ ಬಿಡಿಸಿದಳು. ಕಡತದ ಹಳೆಯ ರೂಪವನ್ನು ಸರ್ವರ್ ನೆನಪಿಟ್ಟಿರುತ್ತದೆ ಎಂಬುದಕ್ಕೆ ಆ ಕರು. ನಿನಗೆ ಫೋನಿನಲ್ಲಿ ಪೂರ್ತಿ ಹೇಳಿದಾಗ ಚಿಕ್ಕವನಿದ್ದ ಹಾಗೇ ಸಾಲುಸಾಲಿಗೂ ಹೂಂಗುಟ್ಟಿದೆ. "ಆ ಕರ ಬಂತು ನೋಡು, ಅಲ್ಲೈತೆ ಕಣಕ್ಕ ಮಜಾ" ಅಂದೆ.

ಆಮೇಲೆ ನಾನು ಮಾಡಿದ ಕೆಲಸಕ್ಕೆ ನಗಬೇಕೋ ಅಳಬೇಕೋ. ಬಳಗದ ಪುಟದಲ್ಲಿ ಅರ್ಧ ಕಥೆ ಬರೆದು ನಿಲ್ಲಿಸಿದೆ. ಕೇಳುವವರು ಹೂಂ ಅನ್ನದೆ ಕಥೆ ಮುಂದುವರಿಸಬಾರದು, ಹಾಗೆ ಹೇಳಿದರೆ ಅದು ಗೋಡೆಗೆ ಹೇಳಿದಂತೆ ಅಂತಲ್ಲವೇ ಅಜ್ಜಿ ನಮ್ಮನ್ನು ಬೆಳೆಸಿದ್ದು. ಹಾಗಾಗಿ ಕಾದೆ. ಒಬ್ಬರೂ ಹೂಂ ಅನ್ನಲಿಲ್ಲ. ಸಾಲಾಗಿ ಹೆಬ್ಬೆಟ್ಟಿನ ಗುರುತುಗಳು ಮಾತ್ರ ಬಂದವು. ಇಷ್ಟು ಓದಿದವರು ಯಾಕೆ ಹೆಬ್ಬೆಟ್ಟು ಒತ್ತುತ್ತಾರೋ ಅಂದುಕೊಂಡು, ಇವರಿಗೆ ಕಥೆ ಹಿಡಿಸಲಿಲ್ಲ ಅಂತ ಉಳಿದರ್ಧವನ್ನು ನನ್ನಲ್ಲೇ ಇಟ್ಟುಕೊಂಡೆ. ಅದು ಮೆಚ್ಚಿದ ಗುರುತು ಅಂತ ಬಿಂದುಶ್ರೀ ಹೇಳುವ ಹೊತ್ತಿಗೆ ಭಾನುವಾರದ ಸಭೆ ಬಂದೇಬಿಟ್ಟಿತ್ತು. ಸಭೆಯಲ್ಲೇ ಪೂರ್ತಿ ಹೇಳೋಣ ಅಂತ ಹೊಸ ಸೀರೆ ಉಟ್ಟು, ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ, ನಿನಗೂ ಸೇರಿಸಿ ಚಿತ್ರಾನ್ನ ಕಟ್ಟಿಕೊಂಡು ಬಂದೆ.

ಬಂದಾಗ ನೀನು ವೇದಿಕೆಯ ಮೇಲಿದ್ದೆ. "ಒಂದು ಮನೇಲಿ ನಾಲ್ಕು ಜನ ಸೊಸೆಯರು" ಅಂತ ಶುರುಮಾಡಿದೆ. ನಿಜ ಹೇಳುತ್ತೇನೆ, ಮೊದಲು ಖುಷಿಯಾಯಿತು, ಅಕ್ಕನ ಕಥೆ ತಮ್ಮ ಹೇಳುತ್ತಿದ್ದಾನೆ ಅಂತ. ಕೊನೆಯ ಸಾಲಿನಲ್ಲಿ ಕೂತು ಅಭ್ಯಾಸಬಲದಿಂದ ಹೂಂ ಹೂಂ ಅಂದೆ. ಪಕ್ಕದವರು ತಿರುಗಿ ನೋಡಿದರು. ಕರು ಬರುವಲ್ಲಿ ನಾನು ಉಸಿರೆಳೆಯುವ ಹಾಗೇ ನೀನೂ ಉಸಿರೆಳೆದೆ. ಜನ ಚಪ್ಪಾಳೆ ತಟ್ಟಿದರು. ಬಳಗದ ಹಿರಿಯರಾದ ಚಂದ್ರಶೇಖರಯ್ಯನವರು ಕಥೆ ಎಲ್ಲಿಯದಪ್ಪ ಅಂತ ಕೇಳಿದರು. ನೀನು, "ನಾನೇ ಕಟ್ಟಿದ್ದು ಸಾ" ಅಂದೆ. ನಿನ್ನನ್ನು ಮಾರ್ಗದರ್ಶಿ ಅಂತ ಅಲ್ಲೇ ಹೇಳಿದರು. ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಊಟದ ಹೊತ್ತಿಗೆ ನಾನು ಡಬ್ಬಿ ಹಿಡಿದು ಹತ್ತಿರ ಬಂದಾಗ, ನೀನು ಅವರಿಗೆ ನನ್ನ ಪರಿಚಯ ಮಾಡಿಸಿದ್ದು ಹೀಗೆ: "ನಮ್ಮಕ್ಕ ಸಾ, ಊರಿಂದ ಸುಮ್ನೆ ನೋಡ್ಕಂಡೋಗಕ್ಕೆ ಬಂದವ್ರೆ." ನಿನ್ನ ಜೊತೆ ಪರೀಕ್ಷೆ ಬರೆದವಳು ಅಂತ ಹೇಳಲಿಲ್ಲ. ಸದಸ್ಯಳು ಅಂತಲೂ ಹೇಳಲಿಲ್ಲ. ನನ್ನ ಮುಖ ನೋಡದೆ ಡಬ್ಬಿ ಈಸಿಕೊಂಡೆ.

ಕೇಳಿದ್ದರೆ ಕೊಡುತ್ತಿದ್ದೆ ಅಂತ ಬರೆಯಲು ಹೊರಟು ಕೈ ನಿಂತಿತು. ಕೊಡುತ್ತಿರಲಿಲ್ಲ, ಸಿದ್ದು. ಮನೆ ಭಾಗವಾದಾಗ ಬಚ್ಚಲ ಹಂಡೆಯಿಂದ ಹಿಡಿದು ಎಲ್ಲ ನಿನಗೇ ಇರಲಿ ಅಂದವಳು ನಾನು. ಇದೊಂದು ನನಗೆ ಬೇಕಾಗಿತ್ತು. ಅದು ನಿನಗೆ ಗೊತ್ತಿತ್ತು, ಗೊತ್ತಿದ್ದೇ ಕೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ಸಿಟ್ಟಿರಲಿಲ್ಲ, ನಾಚಿಕೆಯಾಗುತ್ತಿತ್ತು. ತಪ್ಪು ಮಾಡಿದವನು ನೀನು, ತಲೆ ತಗ್ಗಿಸಿ ಕೂತವಳು ನಾನು.

ಸೌಜನ್ಯಳನ್ನು ಬಸ್ಸಿನಲ್ಲಿ ಓಡಾಡಿಸಬೇಡ. ಅವಳಿಗೆಂದು ಕಾಯಿಸಿದ ತುಪ್ಪವನ್ನು ಹಾಸನಕ್ಕೆ ಬರುವವರ ಕೈಯಲ್ಲಿ ಕಳಿಸುತ್ತೇನೆ. ಹುಟ್ಟುವ ಮಗು ನೂರು ಕಾಲ ಬಾಳಲಿ, ನಿನ್ನ ಮಂಡಿ ಬೇಗ ವಾಸಿಯಾಗಲಿ.

ನಿನ್ನ ಅಕ್ಕ,
ಕಮಲಾಕ್ಷಮ್ಮ

ಇನ್ನೊಂದು ಮಾತು: ಕಾಗದ ಮಡಚುವಾಗ ಚಂದ್ರಶೇಖರಯ್ಯನವರ ಫೋನು ಬಂತು. ಪುಟದಲ್ಲಿದ್ದ ನನ್ನ ಅರ್ಧ ಕಥೆ ನೋಡಿದರಂತೆ. "ಈ ಕತೆ ಯಾರ್ದಮ್ಮ, ನಿಜ ಯೋಳಿ" ಅಂದರು. ಸುಳ್ಳು ಹೇಳಿ ನಿನ್ನನ್ನು ಉಳಿಸಬಹುದಿತ್ತು, ನನ್ನದು ಅಂದೆ. ಮಂಗಳವಾರ ಅರಕಲಗೂಡಿಗೆ ನಿನ್ನ ಬದಲು ಪಾಠಕ್ಕೆ ಹೋಗುತ್ತಿರುವವಳು ನಾನು. ಸೌಜನ್ಯಳಿಗೆ ಅಷ್ಟರೊಳಗೆ ನೀನೇ ಹೇಳಿಬಿಡು. ನಾನು ಸಭೆಯಲ್ಲಿ ಕೂತು ತಿಳಿದ ಹಾಗೆ, ಬೇರೆಯವರ ಬಾಯಿಂದ ತಿಳಿಯುವುದು ಅವಳಿಗೂ ಬೇಡ.